ಹಸಿರು ಟಿಕ್ಕು, ಮೂರು ಹುಡುಗಿಯರು, ಒಂದು ಫೋನು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬ್ಲಾಗಿನ ಕಾಲ ಮುಗೀತು, ಈಗೆಲ್ಲ ರೀಲ್ಸು ಅಂತ ನಮ್ಮ ಮನೆಯಲ್ಲೇ ಹೇಳ್ತಾರೆ. ಮುಗಿದಿದ್ರೆ ಮುಗೀಲಿ ಬಿಡಿ, ನಾವೊಂದು ನಾಲ್ಕು ಜನ ಒಬ್ಬರದ್ದನ್ನೊಬ್ಬರು ಓದಿಕೊಂಡು ಇದ್ದೇವಲ್ಲ, ಅಷ್ಟು ಸಾಕು :)

ಕಳೆದ ಭಾನುವಾರ ಹಳೆಯ ಪೆನ್‌ಡ್ರೈವ್ ಒಂದನ್ನು ಖಾಲಿ ಮಾಡ್ತಾ ಕೂತಿದ್ದೆ. ಮಗಳಿಗೆ ಶಾಲೆಗೆ ಬೇಕಿತ್ತು. ಮದುವೆ ಫೋಟೋ, ಯಾರದೋ ಬಯೋಡೇಟಾ, ಅರ್ಧ ಬರೆದು ಬಿಟ್ಟ ಕತೆ, ಇವುಗಳ ನಡುವೆ 2021ರ ಒಂದು ಎಕ್ಸೆಲ್ ಶೀಟು ಸಿಕ್ತು. ತೆರೆದರೆ ಬಣ್ಣವೋ ಬಣ್ಣ. ಅಡ್ಡಕ್ಕೆ ನನ್ನ ಪಾಠಗಳು, ಉದ್ದಕ್ಕೆ ಅರವತ್ತು ಚಿಲ್ಲರೆ ಹುಡುಗರ ರಿಜಿಸ್ಟರ್ ನಂಬರು. ಪಾಠದೊಳಗಿನ ಕ್ವಿಜ್ ಪೂರ್ತಿ ಮುಗಿಸಿದವರಿಗೆ ಹಸಿರು, ಅರ್ಧಕ್ಕೆ ಬಿಟ್ಟವರಿಗೆ ಹಳದಿ, ತೆರೆಯದೇ ಇದ್ದವರಿಗೆ ಕೆಂಪು. ಅದರ ಪಕ್ಕದಲ್ಲಿ ನಾನೇ ಟೈಪ್ ಮಾಡಿದ ಒಂದು ಕಾಲಂ ಇತ್ತು, 'ಷರಾ' ಅಂತ. ಮೂರು ಸಾಲುಗಳ ಪೈಕಿ ಎರಡರ ಮುಂದೆ 'ಅನುಮಾನಾಸ್ಪದ' ಅಂತ ಬರೆದಿದ್ದೆ. ಪೊಲೀಸ್ ಸ್ಟೇಷನ್ನಿನವರು ಬರೆದ ಹಾಗೆ!

ಆ ಎರಡು ಸಾಲುಗಳ ಬಗ್ಗೆ ಬರೀಬೇಕು ಅಂತ ನಾಲ್ಕು ವರ್ಷದಿಂದ ಅಂದುಕೊಳ್ತಾನೇ ಇದ್ದೆ. ಈಗ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ಗುಂಡ್ಲುಪೇಟೆ ಕಡೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುವವನು. 2020ರ ಮಾರ್ಚ್‌ನಲ್ಲಿ ಕಾಲೇಜುಗಳಿಗೆ ಬೀಗ ಬಿತ್ತು. ನವೆಂಬರಿನಲ್ಲಿ ತೆಗೆದವು, 2021ರ ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂದು ಮತ್ತೆ ಮುಚ್ಚಿದವು. ಆ ವರ್ಷ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸರಕಾರಿ ಕಾಲೇಜುಗಳಿಗೆ ಎಲ್‌ಎಂಎಸ್ ಅಂತ ಡಿಜಿಟಲ್ ಕಲಿಕೆಯ ಯೋಜನೆ ಶುರು ಮಾಡಿತ್ತು. ವಿಡಿಯೋ ಪಾಠ, ಸ್ಲೈಡು, ಬಹುಆಯ್ಕೆ ಪ್ರಶ್ನೆ ಎಲ್ಲ ಒಂದೇ ಕಡೆ ಸಿಗಬೇಕು ಅನ್ನೋದು ಉದ್ದೇಶ. ಪದವಿ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟನ್ನೂ ಹಂಚಿದರು. ಹೀಗೆ ಎಲ್ಲೆಲ್ಲೂ ಎಲ್‌ಎಂಎಸ್ ಅನ್ನೋ ಮೂರಕ್ಷರ ಓಡಾಡ್ತಿದ್ದ ಕಾಲ ಅದು. ನಮ್ಮಲ್ಲಿ ಬಳಸಿದ್ದು ಬೇರೆಯದೇ ಒಂದು ವ್ಯವಸ್ಥೆ, ಅದರ ಹೆಸರು ಬೇಡ. ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ ಇರ್ತವೆ.

ನಾನು ಮನೆಯ ದೇವರಕೋಣೆಯ ಗೋಡೆಗೆ ಬೆನ್ನು ಕೊಟ್ಟು (ಅಲ್ಲಿ ಮಾತ್ರ ಸದ್ದು ಕಮ್ಮಿ) ಹದಿನೆಂಟು ನಿಮಿಷದ ಒಂದು ಪಾಠ ರೆಕಾರ್ಡ್ ಮಾಡ್ತಿದ್ದೆ. ಮಧ್ಯೆ ಮೂರು ಕಡೆ ಪ್ರಶ್ನೆ ಸೇರಿಸ್ತಿದ್ದೆ. ಆರನೇ ನಿಮಿಷಕ್ಕೆ ವಿಡಿಯೋ ತಾನಾಗೇ ನಿಲ್ಲುತ್ತೆ, ಪರದೆ ಮೇಲೆ ಪ್ರಶ್ನೆ ಬರುತ್ತೆ, ನಾಲ್ಕು ಆಯ್ಕೆ. ಉತ್ತರ ಒತ್ತಿದರೆ ಮುಂದಕ್ಕೆ. ಕೊನೆಗೆ 'ಸಲ್ಲಿಸು' ಅನ್ನೋ ಗುಂಡಿ. ಯಾರು ತೆರೆದರು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಇದ್ದರು, ಎಷ್ಟನೇ ಯತ್ನಕ್ಕೆ ಸರಿ ಉತ್ತರ ಕೊಟ್ಟರು, ಇದೆಲ್ಲ ನನ್ನ ಕಡೆ ಪಟ್ಟಿಯಾಗಿ ಬರ್ತಿತ್ತು. ಮೊದಲ ವಾರ ಆ ಪಟ್ಟಿ ನೋಡಿ ನನಗೆ ಆದ ಖುಷಿ ಹೇಳತೀರದು. ಹದಿನೈದು ವರ್ಷ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಯಾರು ಏನು ಮಾಡ್ತಿದ್ದಾರೆ ಅಂತ ಕತ್ತು ಚಾಚಿ ನೋಡಿದವನಿಗೆ ಈಗ ಕೂತಲ್ಲೇ ಎಲ್ಲ ಕಾಣ್ತಿತ್ತು. ಅಥವಾ ಕಾಣ್ತಿದೆ ಅಂದುಕೊಂಡೆ.

ಪಾಠದ ನಡುವೆ ಪ್ರಶ್ನೆ ಹಾಕೋದು ಒಳ್ಳೇದು ಅನ್ನೋದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ. ಇದೇನು ಹೊಸದೂ ಅಲ್ಲ. 1953ರಲ್ಲಿ ಸ್ಕಿನ್ನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ಮಗಳ ಗಣಿತದ ತರಗತಿಗೆ ಹೋಗಿ ಕೂತನಂತೆ. ಮಕ್ಕಳು ಲೆಕ್ಕ ಮಾಡಿ ಮುಗಿಸಿದರೂ ಅದು ಸರಿಯೋ ತಪ್ಪೋ ಅಂತ ಅವರಿಗೆ ಆಗಲೇ ಗೊತ್ತಾಗ್ತಿಲ್ಲ ಅನ್ನೋದು ಅವನ ಕಣ್ಣಿಗೆ ಬಿತ್ತು. ಮನೆಗೆ ಬಂದು ಒಂದು ಪೆಟ್ಟಿಗೆಯಂಥ ಕಲಿಸುವ ಯಂತ್ರ ಮಾಡಿದ. 2013ರಲ್ಲಿ ಹಾರ್ವರ್ಡಿನ ಕೆಲವರು ಇನ್ನೊಂದು ಪ್ರಯೋಗ ಮಾಡಿದರು. ಸಂಖ್ಯಾಶಾಸ್ತ್ರದ 21 ನಿಮಿಷದ ಒಂದು ವಿಡಿಯೋ ಪಾಠವನ್ನ ನಾಲ್ಕು ತುಂಡು ಮಾಡಿ, ಪ್ರತಿ ತುಂಡು ಆದ ಮೇಲೆ ಒಂದು ಗುಂಪಿಗೆ ಸಣ್ಣ ಪರೀಕ್ಷೆ ಕೊಟ್ಟರು. ಪರೀಕ್ಷೆ ಇದ್ದವರ ಮನಸ್ಸು ಅತ್ತಿತ್ತ ಅಲೆಯೋದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು, ಅವರು ನೋಟ್ಸ್ ಕೂಡ ಹೆಚ್ಚು ಬರಕೊಂಡರು, ಕೊನೆಯ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದರು. ಆ ಪ್ರಯೋಗದಲ್ಲಿ ಗಮನಿಸಬೇಕಾದ್ದು ಪ್ರಶ್ನೆ ಕೇಳಿಸಿಕೊಂಡವರಿಗೆ ಆದ ಲಾಭ. ನಾನು ಮಾತ್ರ ಅದನ್ನ ಓದಿ, ಪ್ರಶ್ನೆ ಮುಗಿಸಿದವರನ್ನ ಎಣಿಸೋಕೆ ಶುರು ಮಾಡಿದೆ.

ಎಣಿಸಿದ್ದು ತಪ್ಪಲ್ಲ. ಎಣಿಸಿದ್ದಕ್ಕೆ ಐದು ಅಂಕ ಇಟ್ಟೆ ನೋಡಿ, ಅಲ್ಲಿ ಎಡವಿದೆ.

ಆಂತರಿಕ ಮೌಲ್ಯಮಾಪನದಲ್ಲಿ ಐದು ಅಂಕ ಕ್ವಿಜ್ ಪೂರ್ತಿ ಮಾಡಿದ್ದಕ್ಕೆ ಅಂತ ಗುಂಪಿನಲ್ಲಿ ಮೆಸೇಜ್ ಹಾಕಿದೆ. ಅದಕ್ಕೆ ಮುಂಚೆ ಅರ್ಧ ಶೀಟು ಕೆಂಪಾಗಿತ್ತು. ಎರಡೇ ವಾರದಲ್ಲಿ ಮುಕ್ಕಾಲು ಹಸಿರಾಯ್ತು. ಮುಂಗಾರು ಬಿದ್ದ ಮೇಲೆ ಹಂಗಳದ ಕಡೆ ಹೊಲ ನೋಡಿದ ಹಾಗೆ! ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ, ಪರಿಶೀಲನೆಗೆ ಬರೋರಿಗೆ ಇಂಥ ಹಾಳೆ ಅಂದ್ರೆ ಬಹಳ ಪ್ರೀತಿ. ಸಹೋದ್ಯೋಗಿಗಳು 'ಹೆಂಗೆ ಮಾಡ್ಸಿದ್ರಿ ಸಾರ್' ಅಂತ ಕೇಳಿದರು. ನಾನೂ ಕಾಲರ್ ಎತ್ತಿಕೊಂಡು ಹೇಳಿದೆ.

ಆಮೇಲೆ ಗೊತ್ತಾದ ಸಂಗತಿ ಏನಂದ್ರೆ, ನಾನಿಲ್ಲದ ಇನ್ನೊಂದು ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಪಾಠ ಬಂದ ಅರ್ಧ ಗಂಟೆಗೆ 'ಬಿ, ಡಿ, ಎ' ಅಂತ ಮೂರಕ್ಷರದ ಮೆಸೇಜು ಬೀಳ್ತಿತ್ತು. ಅಷ್ಟೇ. ವಿಡಿಯೋ ಎರಡು ಪಟ್ಟು ವೇಗದಲ್ಲಿ ಓಡಿಸಿ, ಫೋನು ಮಗ್ಗುಲಿಗಿಟ್ಟು, ನಿಂತಾಗ ಒಂದು ಸಲ ಒತ್ತಿದರೆ ಮುಗೀತು. ಅವರನ್ನ ಬೈಯೋಕೆ ನನಗೆ ಬಾಯಿಲ್ಲ. ಅದೇ ತಿಂಗಳು ನಾನೂ ಮೇಷ್ಟ್ರುಗಳಿಗಾಗಿ ಇಟ್ಟಿದ್ದ ಒಂದು ಆನ್‌ಲೈನ್ ತರಬೇತಿಗೆ ಸೇರಿದ್ದೆ. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಓಡ್ತಿದ್ರೆ ನಾನು ಅಡುಗೆಮನೆಯಲ್ಲಿ ಹುರುಳಿಕಾಳು ಬಿಡಿಸ್ತಿದ್ದೆ. 'ಮುಂದೆ' ಅನ್ನೋ ಗುಂಡಿ ಬಂದಾಗ ಮಗಳು 'ಅಪ್ಪಾ, ಬಂತು' ಅಂತ ಕೂಗ್ತಿದ್ದಳು. ನೂರಕ್ಕೆ ನೂರು ಪೂರ್ಣ. ಸರ್ಟಿಫಿಕೇಟು ಫೈಲಿನಲ್ಲಿದೆ. ತರಬೇತಿ ಯಾವುದರ ಬಗ್ಗೆ ಇತ್ತು ಅಂತ ಮಗಳನ್ನೇ ಕೇಳಬೇಕು :(

ನಮ್ಮ ಹುಡುಗರ ಮನೆಗಳಲ್ಲಿ ಬಹುಪಾಲು ಡೈರಿಗೆ ಹಾಲು ಹಾಕ್ತಾರೆ. ಬೆಳಿಗ್ಗೆ ಕ್ಯಾನ್ ಹಿಡಕೊಂಡು ಹೋದರೆ ಅಲ್ಲಿ ಲೀಟರ್ ಬರೆದುಕೊಂಡು ಸುಮ್ಮನಾಗಲ್ಲ. ಒಂದಿಷ್ಟು ಸ್ಯಾಂಪಲ್ ತೆಗೆದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಮೆಷಿನ್‌ಗೆ ಹಾಕಿ ನೋಡ್ತಾರೆ, ದುಡ್ಡು ಬರೋದು ಅದರ ಮೇಲೆ. ಬರೀ ಲೀಟರ್ ಅಳೆದು ದುಡ್ಡು ಕೊಟ್ಟಿದ್ರೆ ನಮ್ಮ ಬೋರ್‌ವೆಲ್‌ಗಳೆಲ್ಲ ಯಾವತ್ತೋ ಬತ್ತಿಹೋಗಿರೋವು. ಐದು ವರ್ಷದ ಮಗುವಿಗೂ ಗೊತ್ತಿರೋ ಈ ವಿಷಯ ಎಂಕಾಂ ಓದಿದ ನನಗೆ ಹೊಳೀಲಿಲ್ಲ.

ಈಗ ಆ ಮೂರು ಸಾಲುಗಳಿಗೆ ಬರ್ತೀನಿ.

ತೆರಕಣಾಂಬಿ ಕಡೆಯ ಒಂದೇ ಹಳ್ಳಿಯ ಮೂವರು ಹುಡುಗಿಯರು. ಶೀಟಿನಲ್ಲಿ ಮೊದಲನೆಯವಳ ಹೆಸರಿನ ಮುಂದೆ ಪ್ರತಿ ಪಾಠಕ್ಕೂ ಮೂವತ್ತು, ನಲವತ್ತು ನಿಮಿಷ. ಹದಿನೆಂಟು ನಿಮಿಷದ ವಿಡಿಯೋಗೆ ನಲವತ್ತು ನಿಮಿಷ! ಉಳಿದಿಬ್ಬರದು ಮೂರು ನಿಮಿಷ, ನಾಲ್ಕು ನಿಮಿಷ. ಉತ್ತರ ಮಾತ್ರ ಮೂವರದ್ದೂ ಒಂದೇ, ಮೂವರದ್ದೂ ಮೊದಲ ಯತ್ನಕ್ಕೇ ಸರಿ. ಇನ್ನೇನು ಬೇಕು ಸಾಕ್ಷಿ? ಒಬ್ಬಳು ಓದ್ತಾಳೆ, ಇಬ್ಬರು ಕಾಪಿ ಹೊಡೀತಾರೆ ಅಂತ ತೀರ್ಮಾನ ಮಾಡಿ ಷರಾ ಬರೆದೆ. ಐದರಲ್ಲಿ ಎರಡೆರಡು ಅಂಕ ಕೊಟ್ಟೆ. ಅಂಕ ಅಪ್‌ಲೋಡ್ ಆಯ್ತು.

2021ರ ಜುಲೈ 26ಕ್ಕೆ ಪದವಿ ಕಾಲೇಜುಗಳು ಮತ್ತೆ ತೆರೆದವು. ಅದಾಗಿ ಒಂದು ವಾರಕ್ಕೆ ಮೂವರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಒಬ್ಬಳು ಮಾತಾಡಿದಳು, ಉಳಿದಿಬ್ಬರು ನೆಲ ನೋಡ್ತಿದ್ದರು.

"ನಾವ್ ಮೂರೂ ಜನ ಒಟ್ಗೇ ನೋಡ್ದೊ ಸಾ. ಫೋನ್ ಒಂದೇ ಅಲ್ವ ಇದ್ದದ್ದು, ಇವ್ರಣ್ಣಂದು. ಗುಡಿ ಜಗಲಿ ಮ್ಯಾಲ ಕೂತ್ಕಂಡ್ರ ಎರಡು ಕಡ್ಡಿ ಬತ್ತಿತ್ತು. ಅದು ಒಬ್ಬಳ್ನ ಮಾತ್ರ ಲೆಕ್ಕ ಹಾಕತ್ತಲ್ಲ ಸಾ, ಅದ್ಕ ನೋಡಾದ್ ಮ್ಯಾಲ ನಾವಿಬ್ರೂ ಲಾಗಿನ್ ಮಾಡಿ ಉತ್ರ ಒತ್ತುಬುಟ್ಟು ಫೋನ್ ಕೊಟ್ಬುಡ್ತಿದ್ದೊ."

ನಲವತ್ತು ನಿಮಿಷ ಯಾಕೆ ಅಂತ ಕೇಳಿದೆ. ಪ್ರಶ್ನೆ ಬಂದಾಗ ಮೂವರೂ ಒಪ್ಪೋವರೆಗೂ ಉತ್ತರ ಒತ್ತುತ್ತಿರಲಿಲ್ಲವಂತೆ. ಒಬ್ಬಳು 'ಎ' ಅಂದ್ರೆ ಇನ್ನೊಬ್ಬಳು 'ಯಾಕ' ಅಂತ ಕೇಳೋದು, ವಿಡಿಯೋ ಹಿಂದಕ್ಕೆ ಓಡಿಸಿ ಇನ್ನೊಂದು ಸಲ ನೋಡೋದು, ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡೋದು. ಆ ಸೆಮಿಸ್ಟರಿನಲ್ಲಿ ನನ್ನ ಅತ್ಯುತ್ತಮ ಕ್ಲಾಸು ನಡೆದದ್ದು ಒಂದು ಗುಡಿಯ ಜಗಲಿ ಮೇಲೆ, ನಾನು ಅಲ್ಲಿರಲಿಲ್ಲ. ಅದಕ್ಕೆ ನಾನು ಕೊಟ್ಟ ಹೆಸರು ಅನುಮಾನಾಸ್ಪದ.

ಅಂಕ ತಿದ್ದೋಕೆ ಆಗಲಿಲ್ಲ. ಪೋರ್ಟಲ್ ಮುಚ್ಚಿತ್ತು, ಪತ್ರ ಬರೆದೆ, ಉತ್ತರ ಬರಲಿಲ್ಲ. ಮೂರು ಅಂಕ ಏನು ಮಹಾ ಅಂತ ನೀವು ಅನ್ನಬಹುದು. ಅವಳು ಮಾತ್ರ ಹಾಗನ್ನಲಿಲ್ಲ. "ಅಂಕ ಹೋದ್ರ ಹೋಗ್ಲಿ ಸಾ, ನೀವು ನಮ್ಮನ್ನ ಕಳ್ರು ಅನ್ಕಂಡ್ರಲ್ಲ" ಅಂದಳು. ಇದಕ್ಕೆ ನಾನೇನು ಹೇಳಿದೆ ಅಂತ ನೆನಪಿಲ್ಲ. ಹೇಳಿದ್ದು ಸಾಲುವಂಥದ್ದಂತೂ ಆಗಿರಲಿಲ್ಲ.

ಈ ಒಂದು ಫೋನಿನ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ, ಅದೇ ಹೆಚ್ಚು ಚುಚ್ಚೋದು. 2020ರ ಆಗಸ್ಟಿನಲ್ಲಿ ಶಿಕ್ಷಣ ಇಲಾಖೆ 'ವಿದ್ಯಾಗಮ' ಶುರು ಮಾಡಿದಾಗ ಶಾಲೆ ಮಕ್ಕಳನ್ನ ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಿದ್ದರು. ಫೋನೇ ಇಲ್ಲದವರದ್ದು ಒಂದು, ಇಂಟರ್‌ನೆಟ್ ಇಲ್ಲದ ಫೋನ್ ಇರುವವರದ್ದು ಇನ್ನೊಂದು, ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್ ಅಥವಾ ಕಂಪ್ಯೂಟರ್ ಇರುವವರದ್ದು ಮೂರನೆಯದು. ಮೇಷ್ಟ್ರುಗಳೇ ಊರೂರಿಗೆ ಹೋಗಿ ಗುಡಿ, ಮರದ ನೆರಳು ಸಿಕ್ಕಲ್ಲಿ ಪಾಠ ಮಾಡಿದರು. ಸೋಂಕು ಹರಡುವ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನ ನಿಲ್ಲಿಸಬೇಕಾಯ್ತು, ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯ್ತು. ಯೋಜನೆಯಲ್ಲಿ ನೂರು ಕೊರತೆ ಇರಬಹುದು. ಆದ್ರೆ ಮೊದಲು ಮನೆಯಲ್ಲಿ ಏನಿದೆ ಅಂತ ಕೇಳಿ, ಆಮೇಲೆ ಪಾಠ ಹೇಗೆ ಅಂತ ತೀರ್ಮಾನ ಮಾಡಿದ ಆ ಕ್ರಮ ಸರಿ ಇತ್ತು. ನನ್ನ ತಂಗಿಯೇ ಪ್ರೈಮರಿ ಶಾಲೆಯ ಮೇಡಂ. ಅವಳು ಹಾಗೆ ಬಿಸಿಲಲ್ಲಿ ತಿರುಗುವಾಗ ನಾನು ಇದೆಲ್ಲ ಕೇಳಿಸಿಕೊಂಡಿದ್ದೆ. ನನ್ನ ಶೀಟಿನಲ್ಲಿ ಮಾತ್ರ 'ಮನೆಯಲ್ಲಿ ಎಷ್ಟು ಫೋನು' ಅನ್ನೋ ಕಾಲಂ ಇರಲಿಲ್ಲ.

ಇನ್ನೊಬ್ಬ ಹುಡುಗ, ಕಾಡಂಚಿನ ಊರಿನವನು. ಅವನ ದಾಖಲೆ ಎಲ್ಲ ರಾತ್ರಿ ಎರಡೂವರೆ, ಮೂರು ಗಂಟೆಯದು. ಸ್ಟಾಫ್ ರೂಮಿನಲ್ಲಿ ಅದನ್ನ ನೋಡಿದವರೊಬ್ಬರು 'ರಾತ್ರಿ ಮೂರಕ್ಕೆ ಯಾವ ಹುಡುಗ ಓದ್ತಾನ್ರೀ, ಯಾರೋ ದುಡ್ಡಿಗೆ ಮಾಡ್ಕೊಡ್ತಿರಬೇಕು' ಅಂದರು. ಹೊಲ ಇರೋರಿಗೆ ಹೇಳಬೇಕಾಗಿಲ್ಲ, ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ಮೋಟಾರು ಹಾಕೋಕೆ ರಾತ್ರಿಯೇ ಏಳಬೇಕು. ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ತಿರುಗಿಸೋವರೆಗೂ ಕಾಯಬೇಕು, ಹಂದಿ ಬರ್ತಾವೆ, ಒಮ್ಮೊಮ್ಮೆ ಆನೆ. ಆ ಕಾಯೋ ಹೊತ್ತಿನಲ್ಲಿ ಅವನು ನನ್ನ ಸವಕಳಿ ಪಾಠ ನೋಡ್ತಿದ್ದ. ನಿದ್ದೆ ಬರದೇ ಇರೋಕೆ ಅದಕ್ಕಿಂತ ಬೇರೆ ಏನಾದರೂ ನೋಡಬಹುದಿತ್ತು ಪಾಪ! ಅವನದ್ದು ಎಷ್ಟೋ ಸಲ ಹಳದಿ. ಕ್ವಿಜ್ ಮುಗಿಸ್ತಿದ್ದ, ಕೊನೆಯ 'ಸಲ್ಲಿಸು' ಒತ್ತೋ ಹೊತ್ತಿಗೆ ನೀರು ಪಾತಿ ತುಂಬಿ ಎದ್ದು ಓಡ್ತಿದ್ದ. ಸಲ್ಲಿಸದಿದ್ದರೆ ಅಂಕ ದಾಖಲಾಗಲ್ಲ. ಮೂರಕ್ಕೆ ಮೂರು ಸರಿ ಮಾಡಿದವನು 'ಅಪೂರ್ಣ'. ಕೊನೆಗೆ ಎಳೆದುಕೊಂಡು ಹೋಗಿ ಗುಂಡಿ ಒತ್ತಿದವನು 'ಪೂರ್ಣ'.

ಇದನ್ನ ಯಂತ್ರದ ತಪ್ಪು ಅಂತ ನಾನು ಹೇಳಲ್ಲ. ಮೂಡಲ್ ಅಂತ ಒಂದು ತಂತ್ರಾಂಶ ಇದೆ, ಜಗತ್ತಿನ ಎಷ್ಟೋ ಕಾಲೇಜುಗಳು ಬಳಸೋದು, ಪುಕ್ಕಟೆ ಸಿಗುವಂಥದ್ದು. ಅದನ್ನ ಮಾಡಿದ ಮಾರ್ಟಿನ್ ಡೂಜಿಯಾಮಸ್ ಆಸ್ಟ್ರೇಲಿಯಾದವನು. ಮರುಭೂಮಿಯ ಮಧ್ಯೆ ಬೆಳೆದವನು, ಚಿಕ್ಕಂದಿನಲ್ಲಿ ಅವನಿಗೆ ಶಾಲೆಯ ಪಾಠ ಬರ್ತಿದ್ದದ್ದು ಶಾರ್ಟ್‌ವೇವ್ ರೇಡಿಯೋದಲ್ಲಿ. 2002ರಲ್ಲಿ ಮೂಡಲ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ 'ಪೂರ್ಣ' ಅಂದ್ರೆ ಏನು ಅಂತ ಮೇಷ್ಟ್ರೇ ಆರಿಸಬೇಕು: ವಿದ್ಯಾರ್ಥಿ ತಾನೇ ಟಿಕ್ ಹಾಕಿಕೊಳ್ಳೋದೋ, ಪುಟ ತೆರೆದರೆ ಸಾಕೋ, ಏನಾದರೊಂದು ಅಂಕ ಬಂದರೆ ಸಾಕೋ, ಇಷ್ಟು ಅಂಕ ದಾಟಿದರೆ ಮಾತ್ರವೋ. ಅಂದ್ರೆ ಹಸಿರು ಟಿಕ್ಕಿನ ಅರ್ಥವನ್ನ ತಂತ್ರಾಂಶ ಹೇಳೋದಿಲ್ಲ, ನಾವು ಹೇಳಿದ್ದನ್ನ ಅದು ಬಣ್ಣ ಹಚ್ಚಿ ವಾಪಸ್ ತೋರಿಸುತ್ತೆ. ನಾನು ಬಳಸಿದ ವ್ಯವಸ್ಥೆಯಲ್ಲೂ ಇಂಥದ್ದೇ ಆಯ್ಕೆ ಇತ್ತು. ಯಾವುದನ್ನ ಆರಿಸಿದ್ದೆ ಅಂತ ಆಮೇಲೆ ಹೋಗಿ ನೋಡಿದೆ. ಮೊದಲೇ ಯಾವುದು ಗುರುತಾಗಿತ್ತೋ ಅದನ್ನೇ ಬಿಟ್ಟಿದ್ದೆ.

ಅಷ್ಟೂ ಕಾಲಂಗಳಲ್ಲಿ ನಾನು ಒಂದು ಸಲವೂ ತೆರೆಯದ ಒಂದು ಕಾಲಂ ಇತ್ತು. ಮೊದಲ ಯತ್ನದಲ್ಲಿ ಯಾವ ಉತ್ತರ ಒತ್ತಿದರು ಅನ್ನೋದು. ಕಳೆದ ಭಾನುವಾರ ಅದನ್ನೇ ಕೂತು ನೋಡಿದೆ. ಒಂದು ಪ್ರಶ್ನೆ ಹೀಗಿತ್ತು: ಒಂದು ಪವರ್ ಟಿಲ್ಲರ್ ಬೆಲೆ 2,00,000 ರೂಪಾಯಿ, ಹತ್ತು ವರ್ಷ ಬಾಳಿಕೆ, ಕೊನೆಗೆ ಗುಜರಿ ಬೆಲೆ 20,000. ಸರಳ ಸಮಾನ ಕಂತಿನ ಪ್ರಕಾರ ವರ್ಷಕ್ಕೆ ಸವಕಳಿ ಎಷ್ಟು? ಗುಜರಿ ಬೆಲೆ ಕಳೆದರೆ 1,80,000, ಅದರ ಹತ್ತನೇ ಒಂದು 18,000. ಅರ್ಧಕ್ಕಿಂತ ಹೆಚ್ಚು ಜನ ಮೊದಲು ಒತ್ತಿದ್ದು 20,000. ಅಂದ್ರೆ ಗುಜರಿ ಬೆಲೆ ಕಳೆಯೋದನ್ನೇ ಮರೆತಿದ್ದರು. ತಪ್ಪು ಅಂತ ಬಂದ ಮೇಲೆ ಇನ್ನೊಂದು ಒತ್ತಿದರು, ಹಸಿರಾಯ್ತು.

ಆ ವಿಡಿಯೋ ಹುಡುಕಿ ತೆಗೆದು ನೋಡಿದೆ. ಏಳನೇ ನಿಮಿಷದಲ್ಲಿ ನಾನು ಗುಜರಿ ಬೆಲೆ ಅನ್ನೋದನ್ನ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಓಡಿದ್ದೀನಿ. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸುತ್ತೆ, ಅದಕ್ಕೇ ಅವಸರ ಮಾಡಿದೆನೋ ಏನೋ. ಅರವತ್ತು ಮಕ್ಕಳು ಒಟ್ಟಾಗಿ 'ಸಾ, ಇದು ಅರ್ಥ ಆಗಲಿಲ್ಲ' ಅಂತ ಬರೆದುಕೊಟ್ಟ ಪತ್ರ ಅದು. ನಾನು ಲಕೋಟೆಯ ಬಣ್ಣ ಮಾತ್ರ ನೋಡಿ ಫೈಲು ಮಾಡಿದ್ದೆ. ಅವತ್ತೇ ನೋಡಿದ್ದಿದ್ರೆ ಮರುದಿನ ಐದು ನಿಮಿಷದ ಇನ್ನೊಂದು ತುಣುಕು ಹಾಕಿ ಸರಿ ಮಾಡಬಹುದಿತ್ತು. ಕಾಲೇಜು ತೆರೆದ ಮೇಲೆ ಬೋರ್ಡಿನ ಮೇಲೆ ಅಂಥದ್ದೇ ಲೆಕ್ಕ ಹಾಕಿದಾಗ ಕ್ಲಾಸೆಲ್ಲ ತಪ್ಪು ಮಾಡ್ತು, ನಾನು 'ಆನ್‌ಲೈನಲ್ಲಿ ಎಲ್ಲ ಪೂರ್ಣ ಮಾಡಿದ್ದೀರಲ್ಲ, ನಾಚಿಕೆ ಆಗಲ್ವ' ಅಂತ ಬೈದಿದ್ದೆ. ನಾಚಿಕೆ ಯಾರಿಗೆ ಆಗಬೇಕಿತ್ತು ಅಂತ ಈಗ ಗೊತ್ತಾಗ್ತಿದೆ.

ಹಾಗಾದ್ರೆ ಟ್ರ್ಯಾಕಿಂಗೇ ಬೇಡವೇ ಅಂತ ಕೇಳಿದರೆ, ಬೇಕು ಅಂತೀನಿ. ಒಂದೇ ಒಂದು ಕಡೆ ಆ ಶೀಟು ನನಗೆ ನಿಜವಾಗಿ ಉಪಕಾರ ಮಾಡ್ತು, ಅದನ್ನ ಹೇಳದಿದ್ದರೆ ಅನ್ಯಾಯ. ಎರಡು ವಾರ ಯಾವ ಪಾಠವನ್ನೂ ತೆರೆಯದ ಆರೇಳು ಜನರ ಪಟ್ಟಿ ತೆಗೆದು ಫೋನ್ ಮಾಡಿದ್ದೆ. ಎಚ್ಚರಿಕೆ ಕೊಡೋಕೆ ಅಂತಲೇ ಮಾಡಿದ್ದು, ಸುಳ್ಳು ಯಾಕೆ ಹೇಳಲಿ. ಒಬ್ಬನ ಫೋನು ಅವನ ತಮ್ಮ ಎತ್ತಿದ. 'ಅಣ್ಣ ಚೆಂಡುಹೂ ಕುಯ್ಯಕ ಹೋಗನ ಸಾ' ಅಂದ. ಓಣಂ ಹತ್ತಿರ ಬಂದರೆ ನಮ್ಮ ಕಡೆ ಹೊಲಗಳೆಲ್ಲ ಹಳದಿ, ಕೇರಳದಿಂದ ಜನ ಫೋಟೋ ತೆಗೆಸಿಕೊಳ್ಳೋಕೆ ಬರ್ತಾರಲ್ಲ, ಆ ಹೂವು ಕುಯ್ಯೋರಲ್ಲಿ ನಮ್ಮ ಹುಡುಗರೂ ಇರ್ತಾರೆ. ಹಗಲೆಲ್ಲ ಫೋನು ತಮ್ಮನ ಹೈಸ್ಕೂಲು ಪಾಠಕ್ಕೆ. ರಾತ್ರಿ ಅಣ್ಣ ಬರೋ ಹೊತ್ತಿಗೆ ದಿನದ ಡೇಟಾ ಖಾಲಿ. ಪರೀಕ್ಷಾ ಶುಲ್ಕ ಕಟ್ಟಿಲ್ಲ, ಕಾಲೇಜು ಬಿಡೋ ಯೋಚನೆಯಲ್ಲಿದ್ದ. ನಾನು ಮತ್ತು ನಮ್ಮ ಅಟೆಂಡರ್ ಸೇರಿ ಏನೋ ಮಾಡಿದೆವು, ಹುಡುಗ ಉಳಿದ. ಡಿಗ್ರಿ ಮುಗಿಸಿದ. ಕೆಂಪು ಬಣ್ಣ ಇಲ್ಲದಿದ್ದರೆ ನನಗೆ ಅವನು ನೆನಪೂ ಆಗ್ತಿರಲಿಲ್ಲ, ಅದು ನಿಜ. ಆದ್ರೆ ಆ ಕೆಂಪಿಗೆ ಸೊನ್ನೆ ಅಂಕ ಹಾಕಿ ಸುಮ್ಮನಾಗಿದ್ದರೂ ವ್ಯವಸ್ಥೆಯ ಪ್ರಕಾರ ನನ್ನ ಕೆಲಸ ಪೂರ್ಣವೇ.

ಇನ್ನೂ ಒಂದು ಮಾತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಆಮ್ಲಜನಕ ಮುಗಿದು ಹೋಗಿ, ಒಂದೇ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡ ಸುದ್ದಿ ಬೆಳಗಾಗೋ ಹೊತ್ತಿಗೆ ಬಂತು. ನನ್ನ ಶೀಟಿನಲ್ಲಿ ಆ ವಾರದ ಕಾಲಂ ನೋಡಿದೆ. ಹೆಚ್ಚೂ ಕಡಿಮೆ ಪೂರ್ತಿ ಕೆಂಪು. ಕೆಳಗೆ ನನ್ನದೇ ಷರಾ: 'ಹಾಜರಾತಿ ಕಳಪೆ, ಜ್ಞಾಪನ ಕಳಿಸುವುದು.'

ಕಳಿಸಿದ್ದೆ ಕೂಡ.

ಸ್ನೇಹಿತರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರೂ ಮೇಷ್ಟ್ರೇ. 'ನೀವು ಹೇಳೋದು ಕೇಳೋಕೆ ಚೆಂದ, ಅಂಕ ಇಡದಿದ್ರೆ ಒಬ್ಬನೂ ತೆರೆಯಲ್ಲ' ಅಂದರು. ಇದು ಸುಳ್ಳಲ್ಲ, ನನ್ನ ಶೀಟೇ ಸಾಕ್ಷಿ. 2011ರಲ್ಲಿ ಸ್ಟ್ಯಾನ್‌ಫರ್ಡಿನವರು ಕೃತಕ ಬುದ್ಧಿಮತ್ತೆಯ ಪಾಠವನ್ನ ಪುಕ್ಕಟೆ ಇಂಟರ್‌ನೆಟ್ಟಿಗೆ ಬಿಟ್ಟಾಗ ಸುಮಾರು 1,60,000 ಜನ ಹೆಸರು ಬರೆಸಿದ್ದರು, ಮುಗಿಸಿದ್ದು ಇಪ್ಪತ್ತು ಸಾವಿರ ಚಿಲ್ಲರೆ. ಸ್ವಂತ ಆಸಕ್ತಿಯಿಂದ ಬಂದವರದ್ದೇ ಆ ಗತಿ.

ಆದ್ರೆ ಅಂಕ ಇಡೋದರಲ್ಲೂ ಒಂದು ಹದ ಇರುತ್ತೆ. ಆಮೇಲೆ ನಾನೇ ಎನ್‌ಪಿಟೆಲ್‌ನಲ್ಲಿ ಹನ್ನೆರಡು ವಾರದ ಒಂದು ಕೋರ್ಸ್ ಮಾಡಿದೆ. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸೋದು. ಅಲ್ಲಿ ವಾರ ವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯೋ ಪರೀಕ್ಷೆಗೆ 75. ಹನ್ನೆರಡು ಅಸೈನ್‌ಮೆಂಟಿನಲ್ಲಿ ಚೆನ್ನಾಗಿ ಮಾಡಿದ ಎಂಟನ್ನ ಮಾತ್ರ ಲೆಕ್ಕಕ್ಕೆ ಹಿಡೀತಾರೆ. ಉಳಿದ ನಾಲ್ಕು ವಾರ ಜ್ವರ ಬರಬಹುದು, ಮನೆಯಲ್ಲಿ ಸಾವಾಗಬಹುದು, ಹೊಲಕ್ಕೆ ಹೋಗಬೇಕಾಗಬಹುದು, ಯಾರೂ ಯಾಕೆ ಅಂತ ಕೇಳಲ್ಲ. ನನಗೇ ಎರಡು ವಾರ ತಪ್ಪಿತು. ವಿಡಿಯೋ ಎಷ್ಟು ನಿಮಿಷ ನೋಡಿದೆ ಅಂತ ಯಾರೂ ಅಂಕ ಹಾಕಲಿಲ್ಲ. ಪರೀಕ್ಷೆಗೆ ಮೈಸೂರಿಗೆ ಹೋಗಬೇಕಿತ್ತು, ಅಲ್ಲಿ ಹುರುಳಿಕಾಳು ಬಿಡಿಸೋಕೆ ಆಗಲ್ಲ :)

ಕೊರೋನಾ ಹೋಯ್ತು, ಶೀಟು ಮಾತ್ರ ಉಳಿದುಕೊಂಡಿತು. ಈಗ ಕ್ಲಾಸು ಕ್ಲಾಸಿನಲ್ಲೇ ನಡೀತದೆ, ಆದರೂ ಜೊತೆಗೆ ವಿಡಿಯೋ ಹಾಕಿ, ಕ್ವಿಜ್ ಹಾಕಿ, ಪೂರ್ಣ ಮಾಡಿದವರ ಶೇಕಡಾ ಕಳಿಸಿ ಅಂತ ಮೆಸೇಜು ಬರ್ತಾನೇ ಇರ್ತವೆ. ರಾತ್ರಿ 11:59ಕ್ಕೆ ಗೇಟು. ನಮ್ಮ ಬಂಡೀಪುರದ ರಸ್ತೆಗೂ 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತೆ. ಅಲ್ಲಿ ಆಂಬುಲೆನ್ಸ್ ಬಂದರೆ ತೆಗೆಯೋಕೆ ಒಬ್ಬ ಮನುಷ್ಯ ಕೂತಿರ್ತಾನೆ, ಇಲ್ಲಿ ಅದೂ ಇಲ್ಲ.

ನಾನು ಈಗ ಮಾಡ್ತಿರೋದು ಇಷ್ಟು. ಶೇಕಡಾ ಕೇಳಿದವರಿಗೆ ಶೇಕಡಾ ಕಳಿಸ್ತೀನಿ, ಅದಕ್ಕೆ ಅಂಕ ಇಡಲ್ಲ. ಕ್ವಿಜ್ ಮೇಲೆ ಅಂಕ ಬೇಕೇ ಬೇಕು ಅಂದ್ರೆ ಕ್ಲಾಸಿನಲ್ಲಿ, ನನ್ನ ಕಣ್ಣೆದುರು, ಹಾಳೆ ಮೇಲೆ. ವಿಡಿಯೋದೊಳಗಿನ ಪ್ರಶ್ನೆಯ ಮೊದಲ ಯತ್ನದ ಉತ್ತರಗಳನ್ನ ಭಾನುವಾರ ರಾತ್ರಿ ನೋಡಿ, ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಪಾಠ ಶುರು. ಲಾಗಿನ್ ಒಬ್ಬೊಬ್ಬರದೇ ಆದ್ರೂ, ಜೊತೆಯಲ್ಲಿ ಕೂತು ಮಾಡಿದವರು ಕೆಳಗೆ ಹೆಸರು ಬರೆಯೋಕೆ ಒಂದು ಜಾಗ ಇಟ್ಟಿದ್ದೀನಿ. ಮೊದಮೊದಲು ಹೆದರಿಕೊಂಡು ಯಾರೂ ಬರೀತಿರಲಿಲ್ಲ. ಹೋದ ತಿಂಗಳು ಒಂದರಲ್ಲಿ ಐದು ಹೆಸರು ಇತ್ತು, ಐದನೆಯದು ನನ್ನ ಕ್ಲಾಸಿನದೇ ಅಲ್ಲ. ಯಾರು ಅಂತ ವಿಚಾರಿಸಿದರೆ ಅವರ ಪೈಕಿ ಒಬ್ಬಳ ಅಕ್ಕನಂತೆ, ಪಿಯುಸಿಗೇ ಓದು ಬಿಟ್ಟವಳು, ಸುಮ್ಮನೆ ಜೊತೆಗೆ ಕೂತಿದ್ದಳಂತೆ.

ನಿಮ್ಮಲ್ಲಿ ಮೇಷ್ಟ್ರು, ಮೇಡಂ ಯಾರಾದ್ರೂ ಇದ್ದರೆ ಹೇಳಿ, ಹೀಗೆ ಒಂದೇ ಫೋನಿನಲ್ಲಿ ಓದೋರನ್ನ ನೀವು ಹೇಗೆ ಲೆಕ್ಕಕ್ಕೆ ತಗೋತೀರಿ? ನನ್ನ ಈ ಹೆಸರು ಬರೆಸೋ ಉಪಾಯ ನೂರಿಪ್ಪತ್ತು ಹುಡುಗರ ಕ್ಲಾಸಿನಲ್ಲಿ ನಡೆಯುತ್ತೋ ಇಲ್ಲವೋ ನೋಡಬೇಕು. ಪೆನ್‌ಡ್ರೈವ್ ಖಾಲಿ ಮಾಡಲಿಲ್ಲ. ಮಗಳಿಗೆ ಪೇಟೆಯಿಂದ ಹೊಸದು ತಂದುಕೊಟ್ಟೆ.